ಓರೆಗಂಡಿಯ ಸಾಕ್ಷಿ

ನಾನು ಒಂದು ಸಲ ಕೆಮ್ಮಿದರೆ ಕಬಿನಿ ಹಿನ್ನೀರಿನ ಆಚೆ ದಡದಲ್ಲಿ ನಲವತ್ತು ಆನೆ ಎದ್ದು ನಿಲ್ಲುತ್ತವೆ. ಎರಡನೇ ಸಲ ಕೆಮ್ಮಿದರೆ ಸಾಲುಗಟ್ಟಿ ಕಾಡಿಗೆ ವಾಪಸ್ಸು. ಒಂದು ಒಂಟಿಸಲಗವಂತೂ ನನ್ನ ಮೂರನೇ ಕೆಮ್ಮಿಗೆ ಹೆದರಿ ವಯನಾಡಿಗೆ ಓಡಿ, ಅಲ್ಲೇ ಉಳಿದು, ಈಗ ಮಲಯಾಳದಲ್ಲಿ ಕರೆದರೆ ಮಾತ್ರ ತಿರುಗಿ ನೋಡುತ್ತದಂತೆ.

ಅಂಥ ಜವರಯ್ಯನಿಗೆ, ಬೆಳಿಗ್ಗೆ ಹನ್ನೊಂದರ ಬಿಸಿಲಲ್ಲಿ, ಒಬ್ಬ ಹೆಣ್ಣುಮಗಳು ಗುಂಡಿಗೆ ಇಳಿ ಅಂದಳು.

"ಇಳೀರಿ ಜವರಯ್ಯನವ್ರೇ. ನಿನ್ನೆ ಮಹೇಶ ಹೇಗೆ ಕೂತಿದ್ದ ಅಂತ ಬರೆಸಿದ್ರೋ, ಹಾಗೇ ಕೂತ್ಕೊಳ್ಳಿ."

ಸಬ್ ಇನ್ಸ್‌ಪೆಕ್ಟರ್ ಸಂಘಮಿತ್ರ ಕೆ.ಆರ್. ನಗರದ ಕಡೆಯವರು. ನಮ್ಮ ಠಾಣೆಗೆ ಬಂದು ಮೂರು ತಿಂಗಳು. ಎತ್ತರ ನೋಡಿದರೆ ನನ್ನ ಕೋವಿಯಷ್ಟೇ. ಕಣ್ಣು ಮಾತ್ರ ಕೆರೆ ತೂಬಿನ ಬಾಯಿ ಇದ್ದಂಗೆ, ಒಳಗೆ ಬಿದ್ದದ್ದು ಆಚೆ ಎಲ್ಲಿ ಬರುತ್ತದೆ ಅಂತ ಯಾರಿಗೂ ತಿಳಿಯುವುದಿಲ್ಲ.

ನಿನ್ನೆ ಅವರು ಮೈಸೂರಿಗೆ ಬಂದೋಬಸ್ತಿಗೆ ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ನೀರಂಚಿನಲ್ಲಿ ಕಾಲು ತೊಳೆಯುತ್ತಿದ್ದ ನಮ್ಮೂರ ಗುರುಸ್ವಾಮಿಗೆ ಗುಂಡು ಬಿತ್ತು, ಗಂಟೆಯೊಳಗೆ ಮಹೇಶ್‌ಕುಮಾರನನ್ನು ಜೀಪು ಹತ್ತಿಸಿದರು. ಯಾರ ಮಾತಿನ ಮೇಲೆ? ನನ್ನ ಮಾತಿನ ಮೇಲೆ. ಕಣ್ಣಾರೆ ಕಂಡ ಸಾಕ್ಷಿ ನಾನೊಬ್ಬನೇ.

ಇವತ್ತು ಮೂರು ಗಂಟೆಗೆ ಮಹೇಶನನ್ನು ಕೋಟೆ ತಾಲ್ಲೂಕಿನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಮೈಸೂರು ಜೈಲು. ಆಸ್ಪತ್ರೆಯಲ್ಲಿ ಮಲಗಿರುವ ಗುರುಸ್ವಾಮಿಯ ಉಸಿರು ನಿಂತರೆ ಕೇಸಿನ ಹೆಸರೇ ಬದಲಾಗುತ್ತದೆ.

ಬದುವಿನ ಮೇಲೆ ಮಹೇಶನ ತಾಯಿ ಕೆಂಪಾಜಮ್ಮ ನಿಂತಿದ್ದಳು. ನನಗೆ ಅಕ್ಕನ ವರಸೆ. ಸೆರಗಿನ ತುದಿ ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಬೆಳಗಿನಿಂದ ನನ್ನ ಕಡೆ ಒಂದು ಮಾತಾಡಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ನಾನು ನಡುಗುಂಡಿಗೆ ಇಳಿದು ಕೂತೆ.

ನಮ್ಮ ಮಡುವಿನಹುಂಡಿಯ ಗುಂಡಿಗಳ ವಿಷಯ ಹೊರಗಿನವರಿಗೆ ತಿಳಿಯದು. ಬೇಸಿಗೆಯಲ್ಲಿ ಹಿನ್ನೀರು ಇಳಿದಂತೆ ಮೇಲೇಳುವ ನೆಲಕ್ಕೆ ನಾವು ಹುರುಳಿ, ಅಲಸಂದೆ ಚೆಲ್ಲುತ್ತೇವೆ. ಅದನ್ನು ಹಂದಿ, ಆನೆ ತಿನ್ನದಂತೆ ಕಾಯಲು ನೀರಿಗೆ ಎದುರಾಗಿ ಒಂದೇ ಸಾಲಿನಲ್ಲಿ ಮೂರು ಗುಂಡಿ. ಎಡಕ್ಕೆ ಹೊಂಗೆಮರದ ಗುಂಡಿ, ಅದು ನನ್ನದು. ನಡುಗುಂಡಿ ಮಹೇಶನದು. ಬಲಗಡೆಯದು ಈ ವರ್ಷ ಕುಸಿದು ಕೆಸರು ತುಂಬಿಕೊಂಡಿದೆ, ಅದರಲ್ಲಿ ಕಪ್ಪೆ ಬಿಟ್ಟರೆ ಯಾರೂ ಕೂರುವುದಿಲ್ಲ.

"ಈ ಗುಂಡಿ ತೋಡ್ಸಿದ್ದು ನಮ್ಮಜ್ಜ ಕಣ್ ಮೇಡಂ," ಎಂದೆ. ಗಂಟಲು ಒಣಗಿದಾಗ ನನಗೆ ಅಜ್ಜನೇ ಗತಿ. "ಮಿಲ್ಟ್ರಿ ಅಂಕಯ್ಯ. ಯುದ್ಧದಾಗೆ ಕಡಲ ದಂಡೇಲಿ ಮಿಷನ್ ಗನ್ನು ಇಡ್ಕಂಡು ಜಪಾನ್ನೋರ ಹದಿನೇಳು ಹಡಗ ಒಬ್ನೇ ತಿರುಗ್ಸಿ ಕಳಿಸ್ದೋನು."

"ರಾತ್ರಿ ಹೇಳಿಕೇಲಿ ಹನ್ನೆರಡು ಹಡಗು ಅಂತ ಬರೆಸಿದೀರಿ."

"ಹನ್ನೆರಡು ದೊಡ್ಡವು ಮೇಡಂ. ಚಿಕ್ಕವು ಬೇರೆ."

ಅವರು ನಗಲಿಲ್ಲ. ಕೈಚೀಲದಿಂದ ಒಂದು ಹಳೇ ನೋಟ್‌ಬುಕ್ಕು ತೆಗೆದರು. ನಮ್ಮಜ್ಜನದು. ಅವನ ಪ್ರತಾಪ ನಂಬಲಿ ಅಂತ ನಾನೇ ನಿನ್ನೆ ಠಾಣೆಗೆ ಹೊತ್ತುಕೊಂಡು ಹೋಗಿ ಮೇಜಿನ ಮೇಲೆ ಇಟ್ಟು ಬಂದದ್ದು. ಎಂಬತ್ತು ವರ್ಷದಿಂದ ಯಾರೂ ಓದದೆ ತೊಲೆಯ ಮೇಲಿದ್ದ ಪುಸ್ತಕವನ್ನು ಈಯಮ್ಮ ಓದಿಬಿಟ್ಟಿದ್ದರು.

"ಇಲ್ಲಿ ಹಡಗಿನ ಲೆಕ್ಕ ಇಲ್ಲ. ನಿಮ್ಮಜ್ಜ ಒಂದು ಹಡಗನ್ನೂ ನೋಡಿಲ್ಲ. ಎರಡು ವರ್ಷ ಮರಳಲ್ಲಿ ಕೂತು ಕಾದಿದಾರೆ ಅಷ್ಟೆ. ಆದ್ರೆ ಗನ್ ಹೇಗೆ ಇಡಬೇಕು ಅಂತ ಚೆನ್ನಾಗಿ ಬರೆದಿದಾರೆ. ಕೇಳಿ."

ಅವರು ಓದಿದರು. ಅಜ್ಜನ ಕನ್ನಡ ಶಾಲೆ ಮೇಷ್ಟರಂತೆ ನೆಟ್ಟಗಿತ್ತು.

"'ಗನ್ನಿನ ಮೂತಿಯನ್ನು ಸಮುದ್ರಕ್ಕೆ ಎದುರಾಗಿ ಇಡತಕ್ಕದ್ದಲ್ಲ. ಇಟ್ಟರೆ ಕಿಡಿ ಹಡಗಿನವನಿಗೆ ಕಂಡು, ಅವನ ದೊಡ್ಡ ತೋಪು ನಮ್ಮನ್ನು ಮುಗಿಸುವುದು. ಸಮುದ್ರದ ಕಡೆಗೆ ದಪ್ಪ ಗೋಡೆ, ಮೇಲೆ ಮರಳು. ಕಂಡಿ ಪಕ್ಕಕ್ಕೆ, ಓರೆಯಾಗಿ. ನಮ್ಮ ಗನ್ನು ಪಕ್ಕದವರ ಮುಂದಿನ ಮರಳನ್ನು ಕಾಯುವುದು. ಅವರ ಗನ್ನು ನಮ್ಮ ಮುಂದಿನದನ್ನು ಕಾಯುವುದು. ಎರಡೂ ಕಡೆಯ ಗುಂಡು ದಂಡೆಯ ಮೇಲೆ ಕತ್ತರಿ ಹಾಕಬೇಕು. ದೋಣಿ ಇಳಿದು ಬರುವವನು ಆಗ ಸಾಲಾಗಿ ಸಿಕ್ಕುವನು. ತನ್ನ ಎದುರಿಗಿರುವವನನ್ನು ತಾನು ಹೊಡೆಯುವ ಆಸೆ ಬಿಡತಕ್ಕದ್ದು.'"

ಪುಸ್ತಕ ಮುಚ್ಚಿ ಅವರು ನೀರಂಚಿಗೆ ನಡೆದರು. ಕೆಸರು ಮಣ್ಣಿನಲ್ಲಿ ಗುರುಸ್ವಾಮಿ ಬಿದ್ದ ಜಾಗ ಇನ್ನೂ ಕಂದಾಗಿತ್ತು. ಅಲ್ಲಿ ಒಂದು ಕೋಲು ನೆಟ್ಟು, ಡ್ರೈವರನ ಹಸಿರು ಟವಲ್ಲು ಕಟ್ಟಿ, ವಾಪಸ್ಸು ಬಂದರು. ಕೋಲು ನಡುಗುಂಡಿಗೆ ನೇರ ಎದುರಿಗಿತ್ತು.

"ಈಗ ಹೇಳಿ. ಟವಲ್ ಕಾಣ್ತಾ ಇದೆಯಾ?"

ಕೂತ ನನ್ನ ಮೂಗಿನ ಮುಂದೆ, ನಿಂತರೆ ಎದೆಮಟ್ಟಕ್ಕೆ ಬರುವ ಮಣ್ಣಿನ ದಿಬ್ಬ. ಅಜ್ಜನ ಕಾಲದಿಂದ ವರ್ಷವರ್ಷ ಹೊಸ ಮಣ್ಣು ಮೆತ್ತಿ ಮೆತ್ತಿ ಗೋಡೆಯಾಗಿದೆ. ಗುಂಡಿಯ ಎಡಕ್ಕೊಂದು, ಬಲಕ್ಕೊಂದು ಓರೆಗಂಡಿ. ಎಡದ ಕಂಡಿಯಲ್ಲಿ ಬಗ್ಗಿದೆ. ಹೊಂಗೆಮರದ ಮುಂದಿನ ಹುರುಳಿ ಕಂಡಿತು. ಬಲದ ಕಂಡಿಯಲ್ಲಿ ಬಗ್ಗಿದೆ. ಕುಸಿದ ಗುಂಡಿಯ ಮುಂದಿನ ಕೆಸರು ಕಂಡಿತು.

ಟವಲ್ಲು ಮಾತ್ರ ಇಲ್ಲ.

"ನಮ್ಮೂರಲ್ಲಿ ಹಂದಿಗೂ ಇದೇ ಕಣ್ ಮೇಡಂ ಲೆಕ್ಕ," ಎಂದು ಬದುವಿನಿಂದ ಕೆಂಪಾಜಕ್ಕ ಮೊದಲ ಸಲ ಬಾಯಿ ಬಿಟ್ಟಳು. "ಎದುರುಗಡೆ ಕಿಡಿ ಕಂಡ್ರೆ ಅದು ಅಲ್ಲಿಗೇ ನುಗ್ತದೆ. ಪಕ್ಕದಿಂದ ಸದ್ದಾದ್ರೆ ಯಾವ ಕಡೆಯಿಂದ ಅಂತ ತಿಳೀದೆ ಓಡ್ತದೆ. ನನ್ ಮಗ ರಾತ್ರಿನೇ ಅಂದ್ನಂತೆ, ನನ್ ಗುಂಡಿಯಿಂದ ಅಲ್ಲಿಗೆ ಹೊಡ್ಯಾಕಾಗಾಕಿಲ್ಲ ಅಂತ. ತಪ್ಪು ಮಾಡ್ದೋರೆಲ್ಲಾ ಅಂಗೇ ಅಂತಾರೆ ಅಂದ್ರಂತೆ ಪೊಲೀಸ್ನೋರು."

ಸಂಘಮಿತ್ರ ನನ್ನನ್ನೇ ನೋಡಿದರು. "ಕಾಣ್ತಾ ಇದೆಯಾ ಜವರಯ್ಯನವ್ರೇ?"

"ಮಹೇಶ ಎದ್ದು ನಿಂತಿದ್ದ ಮೇಡಂ. ದಿಬ್ಬದ ಮ್ಯಾಲೆ ಕೋವಿ ಇಟ್ಟು..."

ಅವರು ಮಡಿಚಿದ್ದ ಹಾಳೆ ಬಿಚ್ಚಿದರು. "'ಮಹೇಶ್‌ಕುಮಾರನು ಗುಂಡಿಯೊಳಗೇ ಕುಳಿತು, ಕಂಡಿಯಿಂದ ಗುರಿ ಇಟ್ಟು ಹೊಡೆದನು. ಕಂಡಿಯ ಬಾಯಲ್ಲಿ ನಿಂಬೆಹಣ್ಣಿನ ಗಾತ್ರದ ಕಿಡಿಯನ್ನು ನನ್ನ ಎರಡು ಕಣ್ಣಿನಿಂದ ಕಂಡೆನು.' ಕೆಳಗೆ ನಿಮ್ಮ ರುಜು."

ನಿಂಬೆಹಣ್ಣು. ಅದನ್ನು ಸೇರಿಸಿದಾಗ ಎಷ್ಟು ಚೆನ್ನಾಗಿ ಕೇಳಿಸಿತ್ತು! ಅರಳಿಕಟ್ಟೆಯ ಸುತ್ತ ನಿಂತಿದ್ದ ಇಡೀ ಊರು ಉಸಿರು ಹಿಡಿದು ಕೇಳಿತ್ತು. ಈಗ ಅದೇ ನಿಂಬೆಹಣ್ಣು ಗಂಟಲಲ್ಲಿ ಕೂತಿತ್ತು.

"ಕಿಡಿ ಅಂದ್ರೆ ಮೇಡಂ, ಮಬ್ಬುಗತ್ತಲು ನೋಡಿ..."

"ಡಾಕ್ಟರು ಗುರುಸ್ವಾಮಿಯ ಎಡತೊಡೆಯಿಂದ ಹನ್ನೊಂದು ಸೀಸದ ಕಾಳು ತೆಗೆದಿದಾರೆ. ಎಲ್ಲಾ ಎಡಗಡೆಯಿಂದ ಹೊಕ್ಕಿರೋದು. ನೀರಿಗೆ ಮುಖ ಮಾಡಿ ನಿಂತೋನಿಗೆ ಹಿಂದಿರೋ ಈ ಗುಂಡಿಯಿಂದ ಹೊಡೆದಿದ್ರೆ ತೊಡೆಯ ಹಿಂಭಾಗಕ್ಕೆ ಬೀಳ್ಬೇಕಿತ್ತು. ಬನ್ನಿ, ಎಡಕ್ಕೆ ಹೋಗೋಣ."

ನಡುಗುಂಡಿಯಿಂದ ಹೊಂಗೆಮರಕ್ಕೆ ನಲವತ್ತು ಹೆಜ್ಜೆ. ನಾನು ದಿನವೂ ಕಣ್ಣುಮುಚ್ಚಿ ನಡೆಯುವ ದಾರಿ. ಇವತ್ತು ಅದು ಹುಣಸೂರಿನಷ್ಟು ದೂರವಾಯಿತು, ಆದರೂ ಬೇಗ ಮುಗಿಯಿತು.

ಈ ಸಲ ನನ್ನನ್ನು ಇಳಿ ಅನ್ನಲಿಲ್ಲ. ಅವರೇ ಇಳಿದರು. ನನ್ನ ಗುಂಡಿಗೆ ಕಂಡಿ ಒಂದೇ, ಬಲಕ್ಕೆ. ಅದರ ಮುಂದೆ ಮಂಡಿಯೂರಿ ಕೂತರು. ಹೊಂಗೆಮರದಲ್ಲಿ ಕಾಗೆಯೊಂದು ಕೂಗಿತು, ಅದಕ್ಕೂ ನಾನು ಬೆಚ್ಚಿದೆ.

"ಬಂದು ನೋಡಿ."

ನೋಡಬೇಕಾಗಿರಲಿಲ್ಲ. ಆದರೂ ಬಗ್ಗಿದೆ. ಕಂಡಿಯ ನಟ್ಟನಡುವೆ, ಚೌಕಟ್ಟು ಹಾಕಿಸಿದ ಪಟದಂತೆ, ಹಸಿರು ಟವಲ್ಲು.

"ನಡುಗುಂಡಿಯ ಮುಂದೆ ನಿಂತೋನನ್ನ ಎರಡೇ ಜಾಗದಿಂದ ಹೊಡೀಬಹುದು," ಎಂದರು ಸಂಘಮಿತ್ರ. "ಬಲಗಡೆ ಗುಂಡಿ ಇಲ್ಲ. ಇನ್ನು ಉಳಿದದ್ದು ಇದೇ. ನಿನ್ನೆ ಸಂಜೆ ಇಲ್ಲಿ ಯಾರ ಸರದಿ?"

"ನಂದೇ."

"ಕೋವಿ?"

"ನಂದೇ. ಅಜ್ಜನ ಲೈಸೆನ್ಸು ಅಪ್ಪಂಗೆ ಬಂತು, ಅಪ್ಪಂದು ನಂಗೆ."

"ಮಹೇಶನ ಕೋವಿ ವಶ ಮಾಡ್ಕೊಂಡ್ವಿ. ಸಾಕ್ಷಿಯ ಕೋವಿ ಅಂತ ನಿಮ್ಮದನ್ನ ಯಾರೂ ಮುಟ್ಟಲಿಲ್ಲ." ಅವರು ಗುಂಡಿಯಿಂದ ಮೇಲೆ ಬಂದು ಕೈಯ ಮಣ್ಣು ಒರೆಸಿಕೊಂಡರು. "ಎರಡೇ ದಾರಿ ಜವರಯ್ಯನವ್ರೇ. ನೀವು ಇಲ್ಲಿದ್ರಿ, ನೀವೇ ಹೊಡೆದ್ರಿ. ಇಲ್ಲಾ, ನೀವು ಇಲ್ಲಿರಲೇ ಇಲ್ಲ."

ನನ್ನ ಬುದ್ಧಿಯ ಅಂದ ನೋಡಿ. ಆ ಕ್ಷಣದಲ್ಲಿ ನನ್ನ ನಾಲಿಗೆಯ ತುದಿಗೆ ಬಂದದ್ದು "ನಾನೇ ಹೊಡೆದೆ" ಅನ್ನುವ ಮಾತು. ದೇವರಾಣೆ. ಕೊಲೆಗಾರ ಅನ್ನಿಸಿಕೊಂಡರೆ ಊರಲ್ಲಿ ಒಂದು ತೂಕ ಇರುತ್ತದೆ. ಇನ್ನೊಂದು ದಾರಿ ಹಿಡಿದರೆ ಜವರಯ್ಯ ಅನ್ನುವ ಹೆಸರಿಗೆ ನಾಯಿಯೂ ಬಾಲ ಆಡಿಸುವುದಿಲ್ಲ.

ಬಾಯಿ ತೆರೆದೆ.

"ಜವರಾ," ಎಂದಳು ಕೆಂಪಾಜಕ್ಕ. ಬದುವಿನಿಂದ ಇಳಿದು ನನ್ನ ಎದುರಿಗೇ ಬಂದಿದ್ದಳು. ಸೆರಗು ಈಗ ಹಲ್ಲಲ್ಲಿ ಇರಲಿಲ್ಲ. "ನೀನು ಹೊಡ್ದಿದ್ರೆ ಹೊಡ್ದೆ ಅನ್ನು. ಓಡೋಗಿದ್ರೆ ಓಡೋದೆ ಅನ್ನು. ಓಡೋದೋನ್ಗೆ ನಾಳೆನೂ ನನ್ ಮನೇಲಿ ಮುದ್ದೆ ಇಕ್ತೀನಿ ಕಣಪ್ಪ. ನನ್ ಮಗನ್ನ ಸುಳ್ಳಿಗೆ ಜೈಲಿಗೆ ಕಳಿಸ್ದೋನ್ಗೆ ನೀರೂ ಕೊಡಾಕಿಲ್ಲ. ಅವನು ನಿನ್ನ ಮಾವ ಅಂತ ಕರೀತಾನೆ ಕಣ್ಲಾ."

ತೆರೆದ ಬಾಯಿ ತೆರೆದೇ ಇತ್ತು. ಒಳಗಿಂದ ಬೇರೆಯೇ ಮಾತು ಬಂತು.

"ಓಡೋದೆ ಕಣಕ್ಕ."

ಯಾರೂ ನಗಲಿಲ್ಲ. ಅದೇ ಕಷ್ಟವಾಯಿತು.

"ಹೊತ್ತು ಮುಳುಗ್ತಾ ಇತ್ತು. ಹಿಂದುಗಡೆ ಲಂಟಾನ ಪೊದೇಲಿ ಸರಬರ ಅಂತ ಸದ್ದಾಯ್ತು. ಆನೆ ಅಂದ್ಕಂಡೆ. ಕೋವಿನ ಕಂಡೀಲೇ ಬುಟ್ಟು ಓಡ್ದೆ. ಚಿಕ್ಕಸಿದ್ದಮ್ಮನ ಮನೆ ಹಿತ್ಲಲ್ಲಿ ಹುಲ್ಲಿನ ಮೆದೆ ಹಿಂದೆ ಕೂತಿದ್ದೆ. ಅಲ್ಲೇ ಢಮ್ ಅಂತ ಕೇಳಿಸ್ತು. ಜನ ಓಡಾಡೋ ಸದ್ದಾದ್ಮೇಲೆ ಗುಂಡಿಗೆ ಬಂದೆ. ಕೋವಿ ಅಲ್ಲೇ ಇತ್ತು. ನಳಿಗೆ ಮೂಸ್ದೆ. ಮದ್ದಿನ ವಾಸ್ನೆ."

"ಗೊತ್ತಿದ್ದೂ ಸುಮ್ಮನಿದ್ರಿ."

"ಇದ್ದೆ."

"ಮಹೇಶನ ಹೆಸರು ಯಾಕೆ ಬಂತು ಬಾಯಲ್ಲಿ?"

ನಾನು ಯೋಚಿಸಿದೆ. ನಿನ್ನೆಯಿಂದ ಯೋಚಿಸದೆ ತಪ್ಪಿಸಿಕೊಂಡದ್ದೇ ಅದು. "ಅವನ ಹೆಸರ ನಾನು ತಗಂಡಿಲ್ಲ ಮೇಡಂ. ಕಟ್ಟೆ ತಾವ ಎಲ್ಲಾ ಸೇರಿದ್ರು. ಹೊಲದ ಗಡೀಲಿ ನೇಗಿಲ ಸಾಲಿನ ಜಗಳ ಆಗಿತ್ತಲ್ಲ ಮಹೇಶಂಗೂ ಗುರುಸ್ವಾಮಿಗೂ, ಅದ್ಕೆ ಜನ ಗುಸುಗುಸು ಅಂತಿದ್ರು. ಆಗ ಗುರುಸ್ವಾಮಿ ತಮ್ಮ ಬಸವಪ್ರಸಾದು ಎಲ್ರ ಎದುರ್ಗೂ ಅಂದ, 'ಜವರಣ್ಣ ಅಲ್ಲೇ ಪಕ್ಕದ ಗುಂಡೀಲಿ ಇದ್ನಲ್ಲ, ಮಹೇಶ ಹೊಡ್ದದ್ದ ಕಂಡಿರ್ತಾನೆ, ನಮ್ಮೂರಿಗೇ ಗಟ್ಟಿ ಗಂಡ್ಸು' ಅಂತ. ಇಡೀ ಊರು ನನ್ ಕಡೆ ತಿರುಗ್ತು. ಇಲ್ಲ, ನಾನು ಹುಲ್ಲಿನ ಮೆದೆ ಹಿಂದಿದ್ದೆ ಅಂತ ಎಂಗೆ ಅನ್ನಾದು? ಹೂಂ, ಕಂಡೆ ಅಂದೆ. ಒಂದ್ಸಲ ಕಂಡೆ ಅಂದ್ಮೇಲೆ..."

"ನಿಂಬೆಹಣ್ಣು ತಾನಾಗೇ ಬಂತು."

"ಹೂಂ."

ಸಂಘಮಿತ್ರ ಹಾಳೆಯ ಮೇಲೆ ಪೆನ್ನು ಇಟ್ಟವರು ಏನೂ ಬರೆಯಲಿಲ್ಲ. "ಓಡುವಾಗ ನಿಮ್ಮನ್ನ ಯಾರಾದ್ರೂ ನೋಡಿದ್ರಾ?"

ಈ ಪ್ರಶ್ನೆ ಬರುತ್ತದೆ ಅಂತ ಗೊತ್ತಿತ್ತು. ಉತ್ತರ ಏನು ಅನ್ನುವುದೂ ಗೊತ್ತಿತ್ತು. ಆದರೆ ಆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

"ಬಸವಪ್ರಸಾದು," ಎಂದೆ ಮೆಲ್ಲಗೆ. "ಲಂಟಾನದ ಬದೀಲೇ ಎದುರಾದ. ಯಾಕ್ ಜವರಣ್ಣ ಹಿಂಗೆ ಓಡ್ತಿದ್ದೀಯ ಅಂದ. ಆನೆ ಬಂದದೆ ಕಣಪ್ಪೋ, ಗುಂಡಿ ಬುಟ್ಟು ಬಂದೆ, ಕೋವಿನೂ ಅಲ್ಲೇ ಅದೆ, ನೀನೂ ಓಡು ಅಂದೆ."

"ಅವನು ಓಡಿದ್ನಾ?"

"ಇಲ್ಲ."

"ಸದ್ದು ಬಂದದ್ದು ಲಂಟಾನದಿಂದ. ಅವನು ಬಂದದ್ದೂ ಲಂಟಾನದಿಂದ. ಆನೆ ಬಂದಿದೆ ಅಂದ್ರೂ ಓಡಲಿಲ್ಲ." ಅವರು ಒಂದೊಂದೇ ಮಾತನ್ನು ಮಣ್ಣಲ್ಲಿ ಗೂಟ ಹೊಡೆದಂತೆ ಆಡಿದರು. "ಗುಂಡಿ ಖಾಲಿ ಅಂತ ಪ್ರಪಂಚದಲ್ಲಿ ಗೊತ್ತಿದ್ದೋನು ಅವನೊಬ್ಬನೇ. ಅವನೇ ಬಂದು, ಜವರಣ್ಣ ಗುಂಡೀಲಿದ್ದ, ಕಂಡಿದಾನೆ ಅಂತ ನಿಮ್ಮನ್ನ ಮುಂದಕ್ಕೆ ತಳ್ಳಿದ. ನೀವು ಇಲ್ಲ ಅನ್ನಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು."

ಕೆಂಪಾಜಕ್ಕ ಕುಸಿದು ಬದುವಿನ ಮೇಲೆ ಕೂತಳು. "ಅಯ್ಯೋ ಶಿವನೇ. ಆಸ್ಪತ್ರೇಲಿ ಅಣ್ಣನ ತಾವ ರಾತ್ರಿಯಿಂದ ಕೂತಿರೋನು ಅವನೇ ಅಲ್ವಾ?"

ಸಂಘಮಿತ್ರ ಆಗಲೇ ಫೋನು ಮಾಡಿದ್ದರು. ಆಸ್ಪತ್ರೆಯಲ್ಲಿ ಕಾವಲಿಗೆ ಹಾಕಿದ್ದ ಕಾನ್‌ಸ್ಟೇಬಲ್ ಮೂರ್ತಿ. ಸ್ಪೀಕರಿನಲ್ಲಿ ಅವನ ದನಿಯ ಜೊತೆ ತಟ್ಟೆ ಲೋಟದ ಸದ್ದು ಕೇಳಿಸಿತು.

"ಎಲ್ಲಿದ್ದೀಯ ಮೂರ್ತಿ?"

"ಕ್ಯಾಂಟೀನಲ್ಲಿ ಮೇಡಂ. ರಾತ್ರಿಯಿಂದ ಊಟ ಮಾಡಿಲ್ಲ ಅಂತ ಪೇಷೆಂಟ್ ತಮ್ಮಾನೇ ಬಲವಂತ ಮಾಡಿ ಕಳಿಸಿದ್ರು. ಪಾಪ, ಒಳ್ಳೆ ಮನುಷ್ಯ. ಪೇಷೆಂಟಿಗೆ ಪ್ರಜ್ಞೆ ಬರ್ತಿದೆಯಂತೆ ಮೇಡಂ, ಏನೋ ಹೇಳೋಕೆ ನೋಡ್ತಿದಾರಂತೆ."

"ಮೇಲಕ್ಕೆ ಓಡು."

"ಮೇಡಂ?"

"ತಟ್ಟೆ ಬಿಟ್ಟು ಓಡು ಮೂರ್ತಿ! ಆ ತಮ್ಮನ್ನ ಹಾಸಿಗೆ ಹತ್ರದಿಂದ ಆಚೆ ಎಳಿ. ಫೋನ್ ಕಟ್ ಮಾಡ್ಬೇಡ."

ಫೋನಿನಲ್ಲಿ ಕುರ್ಚಿ ಬಿದ್ದ ಸದ್ದು, ಆಮೇಲೆ ಬೂಟು ಮೆಟ್ಟಿಲ ಮೇಲೆ. ನಾವು ಮೂವರೂ ಜೀಪಿನ ಕಡೆ ಹೆಜ್ಜೆ ಹಾಕಿದೆವು. ಸಂಘಮಿತ್ರ ಫೋನು ಮುಂದಕ್ಕೆ ಹಿಡಿದೇ ನಡೆಯುತ್ತಿದ್ದರು. ಮೂರ್ತಿ ಏದುಸಿರು ಬಿಡುತ್ತಿದ್ದ. ಒಂದು ಮಹಡಿ. ಇನ್ನೊಂದು.

"ಜವರಯ್ಯನವ್ರೇ, ನೀವೂ ಹತ್ತಿ. ಮ್ಯಾಜಿಸ್ಟ್ರೇಟರ ಮುಂದೆ ಇದನ್ನೇ ಹೇಳ್ಬೇಕು. ತುಂಬಿದ ಕೋವಿ ಬಿಟ್ಟು ಹೋಗಿದ್ದಕ್ಕೆ ನಿಮ್ಮ ಮೇಲೂ ಕೇಸಾಗುತ್ತೆ." ಅವರು ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು. "ಇದರಲ್ಲಿ ಒಂದು ತೊಡಕಿದೆ. ಬಸವಪ್ರಸಾದನ ವಕೀಲ ಏನಂತಾನೆ ಗೊತ್ತಾ? ತುಂಬಿದ ಕೋವಿ ಕೈಗೆ ಸಿಕ್ತು, ಹಂದಿ ಅಂತ ಹೊಡೆದೆ, ಗುರಿ ತಪ್ಪಿ ಅಣ್ಣನಿಗೆ ಬಿತ್ತು ಅಂತಾನೆ. ಬೇಕಂತ ಮಾಡಿದ್ದು ಅನ್ನೋಕೆ ನಮ್ಮ ಹತ್ರ ಏನೂ ಇಲ್ಲ."

ಇಲ್ಲಿಗೇ ಸುಮ್ಮನಿದ್ದಿದ್ದರೆ ನನ್ನದು ಅಂತ ಒಂದು ಚೂರು ಮಾನ ಉಳಿಯುತ್ತಿತ್ತು. ಓಡಿಹೋದರೂ, ಕೋವಿ ಹಿಡಿದು ಹೊಲ ಕಾಯುವವನು ಅನ್ನುವ ಹೆಸರಾದರೂ ಉಳಿಯುತ್ತಿತ್ತು. ಕೆಂಪಾಜಕ್ಕ ನನ್ನ ಮುಖ ನೋಡಿದಳು. ಏನೋ ಇನ್ನೂ ಇದೆ ಅಂತ ಅವಳಿಗೆ ತಿಳಿದುಹೋಗಿತ್ತು.

"ತುಂಬಿರ್ಲಿಲ್ಲ ಮೇಡಂ."

"ಏನು?"

"ಕೋವಿ ತುಂಬಿರ್ಲಿಲ್ಲ. ಅಪ್ಪ ಸತ್ತು ಹನ್ನೊಂದು ವರ್ಷ ಆಯ್ತು, ಅದ್ರೊಳಿಕ್ಕೆ ನಾನು ಒಂದೇ ಒಂದು ತೋಟಾ ಹಾಕಿಲ್ಲ. ಆಗಾಗ ಊರ್ನೋರಿಗೆ ಕೇಳಿಸ್ತಿತ್ತಲ್ಲ ಸದ್ದು, ಅದು ದೀಪಾವಳಿ ಪಟಾಕಿ. ನಂಗೆ ತೋಟಾ ಹಾಕಾಕೇ ಬರಾಕಿಲ್ಲ. ಭಯ. ಮನೇಲಿ ಒಂದು ತೋಟಾನೂ ಇಲ್ಲ, ಬೇಕಾದ್ರೆ ಹುಡುಕಿಸಿ."

ಸಂಘಮಿತ್ರ ಮೆಟ್ಟಿಲಿಂದ ಕಾಲು ಕೆಳಗಿಟ್ಟರು.

"ಹಾಗಾದ್ರೆ ಆ ತೋಟಾ..."

"ಹೊಡೆದೋನು ಜೇಬಲ್ಲಿ ಇಟ್ಕಂಡೇ ಬಂದಿದ್ದ ಮೇಡಂ."

ಫೋನಿನಲ್ಲಿ ಬೂಟಿನ ಸದ್ದು ನಿಂತಿತು. ಬಾಗಿಲು ದಬದಬ ಬಡಿಯುವುದು ಕೇಳಿಸಿತು. ಆಮೇಲೆ ಮೂರ್ತಿಯ ದನಿ.

"ಮೇಡಂ, ಒಳಗಿಂದ ಚಿಲಕ ಹಾಕಿದೆ."